ಒರಾಕಲ್ ಎಪೆಕ್ಸ್ ಪರಿಸರದಲ್ಲಿ ಖಾತೆ ಮತ್ತು ಅನುಮತಿಯ ದೋಷಗಳು: ಪತ್ತೆ ಹಚ್ಚಿ ಸರಿಪಡಿಸುವ ಕ್ರಮ

ಒರಾಕಲ್ ಡೇಟಾಬೇಸಿನ ಮೇಲೆ ಎಪೆಕ್ಸ್ (ಬ್ರೌಸರಿನಲ್ಲಿ ಓಡುವ ಅಪ್ಲಿಕೇಶನ್ ಕಟ್ಟಲು ಒರಾಕಲ್ ಕೊಡುವ ಸಾಧನ) ಬಳಸಿ ಅಪ್ಲಿಕೇಶನ್ ಕಟ್ಟುವ ತಂಡದಲ್ಲಿ ಅನುಮತಿಯ ದೂರು ಬಂದಾಗ, ಯಾವ ಗ್ರ್ಯಾಂಟ್, ಎಂದರೆ ಯಾವ ಅನುಮತಿ, ಕೊಡಬೇಕೆಂದು ಯೋಚಿಸುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ವಿಫಲವಾದ ಆ ಕೆಲಸ ಯಾರ ಹೆಸರಿನಲ್ಲಿ ನಡೆಯುತ್ತಿತ್ತು? ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದವರು ಸಾಮಾನ್ಯವಾಗಿ ಸಂಬಂಧವಿಲ್ಲದ ಖಾತೆಗೆ ಅನುಮತಿ ಕೊಡುತ್ತಾರೆ, ದೋಷ ಹಾಗೆಯೇ ಉಳಿಯುತ್ತದೆ, ಕೊನೆಗೆ ಬೇಸತ್ತು ಡಿಬಿಎ ರೋಲನ್ನೇ (ಬಹುತೇಕ ಎಲ್ಲ ಹಕ್ಕುಗಳ ಕಟ್ಟನ್ನೇ) ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅಲ್ಲಿಗೆ ದೂರು ನಿಂತರೂ ದೋಷದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ, ಆ ಡಿಬಿಎ ರೋಲ್ ಮಾತ್ರ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಇಲ್ಲಿನ ವಿವರಣೆ ಒರಾಕಲ್ 19ಸಿ ಆವೃತ್ತಿಯನ್ನು ಮತ್ತು ಅದರ ಮೇಲೆ ಓಡುವ ಎಪೆಕ್ಸನ್ನು ಗಮನದಲ್ಲಿಟ್ಟುಕೊಂಡಿದೆ. ಹಿಂದಿನ ಅಥವಾ ಮುಂದಿನ ಆವೃತ್ತಿಯಲ್ಲಿ ವ್ಯತ್ಯಾಸವಿರುವ ಕಡೆ ಅದನ್ನು ಹೇಳಲಾಗಿದೆ.

ಮೊದಲು ಖಾತೆಯ ಪದರವನ್ನು ಗುರುತಿಸುವುದು

ಇಲ್ಲಿ ಮೂರು ಪದರಗಳಲ್ಲಿ ಖಾತೆಗಳಿವೆ. ಮೊದಲನೆಯದು ಡೇಟಾಬೇಸ್ ಖಾತೆ, ಎಂದರೆ ‘ಕ್ರಿಯೇಟ್ ಯೂಸರ್’ ಆದೇಶದಿಂದ ಹುಟ್ಟಿದ್ದು. ಟೇಬಲ್‌ಗಳು, ವ್ಯೂಗಳು, ಪ್ಯಾಕೇಜುಗಳು ಇಂಥ ಖಾತೆಯ ಸ್ಕೀಮಾದಲ್ಲಿ, ಎಂದರೆ ಅದೇ ಹೆಸರಿನ ಸಂಗ್ರಹದಲ್ಲಿ, ಇರುತ್ತವೆ. ಎರಡನೆಯದು ಎಪೆಕ್ಸ್ ವರ್ಕ್‌ಸ್ಪೇಸಿನ (ತಂಡ ಅಪ್ಲಿಕೇಶನ್ ಕಟ್ಟುವ, ಎಪೆಕ್ಸ್ ಒಳಗಿನ ಜಾಗದ) ಖಾತೆ, ಇದರಲ್ಲಿ ವರ್ಕ್‌ಸ್ಪೇಸ್ ಅಡ್ಮಿನಿಸ್ಟ್ರೇಟರ್, ಡೆವಲಪರ್ ಮತ್ತು ಎಂಡ್ ಯೂಸರ್ ಎಂಬ ಮೂರು ಬಗೆಗಳಿವೆ. ಮೂರನೆಯದು ಅಪ್ಲಿಕೇಶನ್ನಿಗೆ ಲಾಗಿನ್ ಆಗುವವರ ಗುರುತು. ಅದು ವರ್ಕ್‌ಸ್ಪೇಸ್ ಖಾತೆಯೇ ಆಗಿರಬಹುದು, ಇಲ್ಲವೇ ಎಲ್‌ಡ್ಯಾಪ್, ಓಆಥ್ ಅಥವಾ ತಂಡವೇ ಬರೆದುಕೊಂಡ ಆಥೆಂಟಿಕೇಶನ್ ಫಂಕ್ಷನ್ನಿನ ಮೂಲಕ ಬಂದ ಹೆಸರಾಗಿರಬಹುದು.

ಈ ಮೂರರ ನಡುವೆ ಹೆಸರು ಒಂದೇ ಆಗಿದ್ದರೂ ನಂಟು ಇರಬೇಕೆಂದೇನೂ ಇಲ್ಲ. ವರ್ಕ್‌ಸ್ಪೇಸಿನಲ್ಲಿ ಡೆವಲಪರ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಅದೇ ಹೆಸರಿನ ಡೇಟಾಬೇಸ್ ಖಾತೆಯ ಪಾಸ್‌ವರ್ಡ್ ಬದಲಾಗುವುದಿಲ್ಲ. ಎರಡು ವರ್ಕ್‌ಸ್ಪೇಸುಗಳಲ್ಲಿ ಒಬ್ಬರದೇ ಹೆಸರಿದ್ದರೂ ಅವು ಎರಡು ಪ್ರತ್ಯೇಕ ಖಾತೆಗಳು. ಇಡೀ ಇನ್‌ಸ್ಟಾಲೇಶನ್ನನ್ನು ನೋಡಿಕೊಳ್ಳುವ ಅಡ್ಮಿನ್ ಖಾತೆ ‘ಇಂಟರ್ನಲ್’ ಎಂಬ ವರ್ಕ್‌ಸ್ಪೇಸಿನಲ್ಲಿರುತ್ತದೆ; ಅದರ ಪಾಸ್‌ವರ್ಡ್ ಮರೆತಾಗ ಡೇಟಾಬೇಸಿಗೆ ಅದರ ಮುಖ್ಯ ಖಾತೆಯಾದ ಸಿಸ್ ಆಗಿ ಹೋಗಿ, ಎಪೆಕ್ಸ್ ಜೊತೆಗೇ ಬರುವ ‘ಎಪಿಎಕ್ಸ್‌ಸಿಎಚ್‌ಪಿಡಬ್ಲ್ಯುಡಿ’ ಸ್ಕ್ರಿಪ್ಟ್ ಓಡಿಸಿ ಹೊಸದನ್ನು ಹಾಕಬಹುದು.

ಅಪ್ಲಿಕೇಶನ್ನಿನ ಪುಟದೊಳಗಿನ ಕ್ವೆರಿ ಯಾರ ಹೆಸರಿನಲ್ಲಿ ಓಡುತ್ತದೆ ಎಂಬುದೇ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ವಿಷಯ. ಪುಟವನ್ನು ತೆರೆದವರು ಯಾರೇ ಆಗಿರಲಿ, ಪುಟವನ್ನು ಕಟ್ಟಿದ ಡೆವಲಪರ್ ಯಾರೇ ಆಗಿರಲಿ, ಆ ಕ್ವೆರಿಯ ಅನುಮತಿಗಳನ್ನು ಪರೀಕ್ಷಿಸುವುದು ಅಪ್ಲಿಕೇಶನ್ನಿನ ಪಾರ್ಸಿಂಗ್ ಸ್ಕೀಮಾದ, ಎಂದರೆ ಆ ಅಪ್ಲಿಕೇಶನ್ನಿಗೆಂದು ಗೊತ್ತುಮಾಡಿದ ಸ್ಕೀಮಾದ, ಹೆಸರಿನಲ್ಲಿ. ಆದರೆ ಬ್ರೌಸರಿನಿಂದ ಬಂದ ಕೋರಿಕೆಯನ್ನು ಡೇಟಾಬೇಸಿಗೆ ತಲುಪಿಸುವ ಸೆಷನ್ ತೆರೆದುಕೊಳ್ಳುವುದು ಎಪೆಕ್ಸ್_ಪಬ್ಲಿಕ್_ಯೂಸರ್ ಅಥವಾ ಒಆರ್‌ಡಿಎಸ್_ಪಬ್ಲಿಕ್_ಯೂಸರ್ ಎಂಬ ಖಾತೆಯ ಹೆಸರಿನಲ್ಲಿ. ಇದರಿಂದಾಗುವ ವಿಚಿತ್ರಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ‘ಬದಲಿಸಿದವರು’ ಎಂಬ ಕಾಲಮಿಗೆ ‘ಯೂಸರ್’ ಫಂಕ್ಷನ್ನಿನ ಬೆಲೆಯನ್ನು ತುಂಬುವ ಹಳೆಯ ಟ್ರಿಗರ್ ಇದ್ದರೆ, ಎಪೆಕ್ಸ್ ಮೂಲಕ ಬದಲಿಸಿದ ಪ್ರತಿಯೊಂದು ಸಾಲಿನಲ್ಲೂ ಈ ಪಬ್ಲಿಕ್ ಯೂಸರಿನ ಹೆಸರೇ ಬಿದ್ದಿರುತ್ತದೆ, ನಿಜವಾಗಿ ಬದಲಿಸಿದವರ ಹೆಸರು ಎಲ್ಲೂ ಇರುವುದಿಲ್ಲ. ಟ್ರಿಗರಿನಲ್ಲಿ ‘ಸಿಸ್_ಕಾಂಟೆಕ್ಸ್ಟ್’ ಫಂಕ್ಷನ್ನಿಗೆ ‘ಎಪೆಕ್ಸ್$ಸೆಷನ್’ ಮತ್ತು ‘ಆ್ಯಪ್_ಯೂಸರ್’ ಎಂಬ ಎರಡು ಬೆಲೆಗಳನ್ನು ಕೊಟ್ಟು ಹೆಸರು ಪಡೆದು, ಅದು ಖಾಲಿಯಿದ್ದಾಗ ಮಾತ್ರ ‘ಯೂಸರ್’ ಬಳಸುವಂತೆ ಬರೆದರೆ ಎಪೆಕ್ಸ್ ಒಳಗಿನ ಮತ್ತು ಹೊರಗಿನ ಬದಲಾವಣೆಗಳೆರಡೂ ಸರಿಯಾಗಿ ದಾಖಲಾಗುತ್ತವೆ.

ಇದೇ ರಚನೆಯಿಂದ ಇನ್ನೊಂದು ತಪ್ಪು ಜಾಡನ್ನೂ ಬಿಡಬಹುದು. ಪಾರ್ಸಿಂಗ್ ಸ್ಕೀಮಾದ ಡೇಟಾಬೇಸ್ ಖಾತೆ ಲಾಕ್ ಆಗಿದ್ದರೂ, ಅದರ ಪಾಸ್‌ವರ್ಡ್ ಬದಲಾಗಿದ್ದರೂ ಎಪೆಕ್ಸ್ ಅಪ್ಲಿಕೇಶನ್ ಓಡುತ್ತಲೇ ಇರುತ್ತದೆ, ಏಕೆಂದರೆ ಎಪೆಕ್ಸ್ ಆ ಖಾತೆಗೆ ಲಾಗಿನ್ ಆಗುವುದೇ ಇಲ್ಲ. ಆದ್ದರಿಂದ ಅಪ್ಲಿಕೇಶನ್ ನಿಂತಿದೆ ಎಂಬ ದೂರಿಗೆ ಸ್ಕೀಮಾ ಖಾತೆಯನ್ನು ಅನ್‌ಲಾಕ್ ಮಾಡಿ ಕಾಯುತ್ತ ಕೂರುವುದು ವ್ಯರ್ಥ.

ಲಾಗಿನ್ನೇ ಆಗದಿರುವಾಗ

ಡೇಟಾಬೇಸ್ ಪದರದ ಲಾಗಿನ್ ದೋಷಗಳಲ್ಲಿ ಎರರ್ ಸಂಖ್ಯೆಯೇ ಅರ್ಧ ದಾರಿ ತೋರಿಸುತ್ತದೆ. ಓಆರ್‌ಎ-28000 ಬಂದರೆ ಖಾತೆ ಲಾಕ್ ಆಗಿದೆ, ಓಆರ್‌ಎ-28001 ಬಂದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ, ಓಆರ್‌ಎ-01045 ಬಂದರೆ ಹೆಸರು, ಪಾಸ್‌ವರ್ಡ್ ಎರಡೂ ಸರಿಯಿದ್ದು ‘ಕ್ರಿಯೇಟ್ ಸೆಷನ್’ ಅನುಮತಿ ಇಲ್ಲ. ಓಆರ್‌ಎ-01017 ಮಾತ್ರ ಬೇಕೆಂದೇ ಅಸ್ಪಷ್ಟವಾಗಿದೆ: ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಅದು ಹೇಳುವುದಿಲ್ಲ, ಹೇಳಿದರೆ ಹೊರಗಿನವರು ಹೆಸರುಗಳನ್ನು ಊಹಿಸಿ ಪರೀಕ್ಷಿಸಬಹುದು. ಡೆವಲಪರ್ ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೇನೆ ಎಂದು ಖಚಿತವಾಗಿ ಹೇಳಿದರೆ, ಅವರ ಕನೆಕ್ಷನ್ ಯಾವ ಸರ್ವಿಸಿಗೆ ಹೋಗುತ್ತಿದೆ ಎಂದು ಮೊದಲು ನೋಡಬೇಕು. ಪರೀಕ್ಷೆಯ ಡೇಟಾಬೇಸಿಗೆ ಹೋಗಬೇಕಾದ ಹೆಸರು ಆ ಖಾತೆಯೇ ಇಲ್ಲದ ಬೇರೆ ಪ್ಲಗೆಬಲ್ ಡೇಟಾಬೇಸಿಗೆ (ಒಂದು ಕಂಟೇನರ್ ಡೇಟಾಬೇಸಿನೊಳಗಿನ ಬೇರೊಂದು ಡೇಟಾಬೇಸಿಗೆ) ಹೋಗಿದ್ದರೂ ಬರುವುದು ಇದೇ ಎರರ್. ಪಾಸ್‌ವರ್ಡಿನಲ್ಲಿ ‘@’ ಚಿಹ್ನೆ ಇದ್ದು, ಕನೆಕ್ಷನ್ ಸಾಲಿನಲ್ಲಿ ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯದಿದ್ದರೆ, ಅದರ ನಂತರದ ಭಾಗವನ್ನು ಸರ್ವಿಸ್ ಹೆಸರೆಂದು ಓದಿಕೊಳ್ಳುವುದೂ ಉಂಟು.

ಖಾತೆಯ ನಿಜವಾದ ಸ್ಥಿತಿಯನ್ನು ‘ಡಿಬಿಎ_ಯೂಸರ್ಸ್’ ವ್ಯೂನ ‘ಅಕೌಂಟ್_ಸ್ಟೇಟಸ್’ ಕಾಲಮಿನಲ್ಲಿ ನೋಡಬೇಕು. ಅಲ್ಲಿ ‘ಲಾಕ್ಡ್’ ಎಂದಿದ್ದರೆ ಸಾಮಾನ್ಯವಾಗಿ ಯಾರೋ ಆದೇಶ ಕೊಟ್ಟು ಲಾಕ್ ಮಾಡಿದ್ದಾರೆ. ‘ಲಾಕ್ಡ್(ಟೈಮ್ಡ್)’ ಎಂದಿದ್ದರೆ ತಪ್ಪು ಪಾಸ್‌ವರ್ಡಿನ ಪ್ರಯತ್ನಗಳು ಮಿತಿ ಮೀರಿ ತಾನಾಗಿಯೇ ಲಾಕ್ ಆಗಿದೆ. ಮೊದಲನೆಯದರಲ್ಲಿ ಅನ್‌ಲಾಕ್ ಮಾಡುವ ಮೊದಲು ಲಾಕ್ ಮಾಡಿದವರನ್ನು ಕೇಳುವುದು ಒಳ್ಳೆಯದು, ಏಕೆಂದರೆ ಅದರ ಹಿಂದೆ ಒಂದು ನಿರ್ಧಾರವಿದೆ. ಎರಡನೆಯದರಲ್ಲಿ ಕೇಳಲು ಯಾರೂ ಇಲ್ಲ, ಹುಡುಕಬೇಕು.

ಖಾತೆಗೆ ಅನ್ವಯಿಸುವ ಮಿತಿಗಳ ಪಟ್ಟಿಗೆ ಪ್ರೊಫೈಲ್ ಎನ್ನುತ್ತಾರೆ. ಡೀಫಾಲ್ಟ್ ಪ್ರೊಫೈಲಿನಲ್ಲಿ ಪಾಸ್‌ವರ್ಡಿನ ಆಯಸ್ಸು 180 ದಿನ, ಆಮೇಲಿನ ವಿನಾಯಿತಿ 7 ದಿನ, ತಪ್ಪು ಪ್ರಯತ್ನಗಳ ಮಿತಿ 10, ಲಾಕಿನ ಅವಧಿ 1 ದಿನ. ಮನುಷ್ಯರು ಬಳಸುವ ಖಾತೆಗೆ ಇವು ತಕ್ಕಮಟ್ಟಿಗೆ ಒಪ್ಪುವ ಸಂಖ್ಯೆಗಳು. ಯಂತ್ರಗಳು ಬಳಸುವ ಖಾತೆಗೆ ಇವೇ ಕಾದು ಕುಳಿತ ತೊಂದರೆ. ಬ್ರೌಸರಿನ ಕೋರಿಕೆಗಳನ್ನು ಡೇಟಾಬೇಸಿಗೆ ಒಯ್ಯುವ ಒಆರ್‌ಡಿಎಸ್ ಸರ್ವರ್ ಬಳಸುವ ಪಬ್ಲಿಕ್ ಯೂಸರ್ ಖಾತೆ ಡೀಫಾಲ್ಟ್ ಪ್ರೊಫೈಲಿನಲ್ಲೇ ಉಳಿದಿದ್ದರೆ, ಇನ್‌ಸ್ಟಾಲ್ ಮಾಡಿದ ಆರು ತಿಂಗಳಿಗೆ ಅದರ ಪಾಸ್‌ವರ್ಡ್ ಮುಗಿಯುತ್ತದೆ. ವಿನಾಯಿತಿಯ ದಿನಗಳಲ್ಲಿ ಓಆರ್‌ಎ-28002 ಎಂಬ ಎಚ್ಚರಿಕೆ ಬಂದರೂ ಅದನ್ನು ಓದುವವರು ಯಾರೂ ಇರುವುದಿಲ್ಲ. ಅವಧಿ ಮುಗಿದ ಕೂಡಲೇ ಎಲ್ಲವೂ ನಿಲ್ಲುವುದಿಲ್ಲ; ಅವಧಿಯ ಪರೀಕ್ಷೆ ನಡೆಯುವುದು ಲಾಗಿನ್ ಆಗುವಾಗ ಮಾತ್ರವಾದ್ದರಿಂದ ಕನೆಕ್ಷನ್ ಪೂಲಿನಲ್ಲಿ ಈಗಾಗಲೇ ತೆರೆದಿರುವ ಸೆಷನ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ, ಪೂಲ್ ಹೊಸ ಸೆಷನ್ ತೆರೆಯಲು ಹೋದಾಗ ಅಥವಾ ಒಆರ್‌ಡಿಎಸ್ ಮರುಪ್ರಾರಂಭವಾದಾಗ ಬಾಗಿಲು ಮುಚ್ಚಿದ್ದು ಗೊತ್ತಾಗುತ್ತದೆ. ‘ಸರ್ವರ್ ರೀಸ್ಟಾರ್ಟ್ ಮಾಡಿದೆವು, ಅಪ್ಲಿಕೇಶನ್ ಕೆಟ್ಟಿತು’ ಎಂಬ ದೂರುಗಳಲ್ಲಿ ಇದನ್ನು ಮೊದಲೇ ಅನುಮಾನಿಸಬೇಕು.

ಪರಿಹಾರಕ್ಕೆ ಯಂತ್ರಗಳ ಖಾತೆಗಳಿಗೆಂದೇ ಒಂದು ಪ್ರೊಫೈಲ್ ಮಾಡಿ, ಅದರಲ್ಲಿ ಪಾಸ್‌ವರ್ಡಿನ ಆಯಸ್ಸನ್ನು ಮಿತಿಯಿಲ್ಲದಂತೆ ಇಟ್ಟು, ಬದಲಾವಣೆಯನ್ನು ಯೋಜಿಸಿದ ದಿನದಂದು ಕೈಯಾರೆ ಮಾಡುವುದು ಉತ್ತಮ. ಪ್ರೊಫೈಲನ್ನು ಬದಲಿಸಿದ ಮಾತ್ರಕ್ಕೆ ಈಗಾಗಲೇ ಅವಧಿ ಮುಗಿದ ಖಾತೆ ಜೀವ ತಳೆಯುವುದಿಲ್ಲ ಎಂಬುದನ್ನು ಮರೆಯಬಾರದು. ಪಾಸ್‌ವರ್ಡನ್ನು ‘ಆಲ್ಟರ್ ಯೂಸರ್’ ಮೂಲಕ ಮತ್ತೆ ಹಾಕಲೇಬೇಕು.

ಅನ್‌ಲಾಕ್ ಮಾಡಿದ ಖಾತೆ ಮತ್ತೆ ಮತ್ತೆ ಲಾಕ್ ಆಗುವಾಗ

ಇದು ಪಾಸ್‌ವರ್ಡ್ ಬದಲಿಸಿದ ಮರುದಿನದ ದೋಷ. ಡೇಟಾಬೇಸಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿ, ಅಪ್ಲಿಕೇಶನ್ ಸರ್ವರಿನ ಕಾನ್ಫಿಗರೇಶನ್ನಿನಲ್ಲೂ ಬದಲಿಸಿ ಆಗಿರುತ್ತದೆ. ಆದರೂ ಕೆಲವೇ ನಿಮಿಷಗಳಲ್ಲಿ ಖಾತೆ ‘ಲಾಕ್ಡ್(ಟೈಮ್ಡ್)’ ಸ್ಥಿತಿಗೆ ಬರುತ್ತದೆ, ಅನ್‌ಲಾಕ್ ಮಾಡಿದರೆ ಇನ್ನು ಕೆಲವು ನಿಮಿಷಗಳಲ್ಲಿ ಮತ್ತೆ ಅದೇ ಕಥೆ. ಎಲ್ಲೋ ಒಂದು ಯಂತ್ರದಲ್ಲಿ ಹಳೆಯ ಪಾಸ್‌ವರ್ಡ್ ಉಳಿದುಕೊಂಡಿದೆ. ಅದು ಸುಮ್ಮನೆ ಪ್ರಯತ್ನಿಸುತ್ತಲೇ ಇದ್ದು, ಹತ್ತು ತಪ್ಪುಗಳನ್ನು ಬೇಗನೆ ಮುಗಿಸುತ್ತಿದೆ.

ಆ ಯಂತ್ರವನ್ನು ಊಹಿಸಿ ಹುಡುಕುವ ಬದಲು ಆಡಿಟ್ ದಾಖಲೆಯನ್ನು ಕೇಳಬೇಕು. 12ಸಿ ಆವೃತ್ತಿಯ ನಂತರ ಹೊಸದಾಗಿ ಸೃಷ್ಟಿಸಿದ ಡೇಟಾಬೇಸುಗಳಲ್ಲಿ ವಿಫಲ ಲಾಗಿನ್‌ಗಳನ್ನು ದಾಖಲಿಸುವ ‘ಓಆರ್‌ಎ_ಲಾಗಾನ್_ಫೇಲ್ಯೂರ್ಸ್’ ಪಾಲಿಸಿ ಮೊದಲೇ ಚಾಲೂ ಇರುತ್ತದೆ. ‘ಯೂನಿಫೈಡ್_ಆಡಿಟ್_ಟ್ರೇಲ್’ ವ್ಯೂನಲ್ಲಿ ‘ಡಿಬಿಯೂಸರ್‌ನೇಮ್’ ನಮ್ಮ ಖಾತೆಯಾಗಿದ್ದು ‘ರಿಟರ್ನ್_ಕೋಡ್’ 1017 ಇರುವ ಸಾಲುಗಳನ್ನು ಸಮಯದ ಇಳಿಕೆ ಕ್ರಮದಲ್ಲಿ ತೆಗೆದರೆ, ‘ಯೂಸರ್‌ಹೋಸ್ಟ್’ ಕಾಲಮಿನಲ್ಲಿ ಯಂತ್ರದ ಹೆಸರು, ‘ಓಎಸ್_ಯೂಸರ್‌ನೇಮ್’ ಕಾಲಮಿನಲ್ಲಿ ಆ ಯಂತ್ರದ ಮೇಲಿನ ಬಳಕೆದಾರ, ‘ಕ್ಲಯಂಟ್_ಪ್ರೋಗ್ರಾಂ_ನೇಮ್’ ಕಾಲಮಿನಲ್ಲಿ ಪ್ರೋಗ್ರಾಂ ಸಿಗುತ್ತವೆ. ಸಮಯಗಳ ನಡುವಿನ ಅಂತರವೂ ಮಾತನಾಡುತ್ತದೆ: ಸೆಕೆಂಡಿಗೆ ಹಲವು ಬಾರಿ ಬರುತ್ತಿದ್ದರೆ ಅದು ಕನೆಕ್ಷನ್ ಪೂಲ್, ಸರಿಯಾಗಿ ಗಂಟೆಗೊಮ್ಮೆ ಬರುತ್ತಿದ್ದರೆ ಅದು ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ) ಕೆಲಸ, ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಎರಡು ಮೂರು ಬಂದು ನಿಂತರೆ ಯಾರದೋ ಎಸ್‌ಕ್ಯೂಎಲ್ ಡೆವಲಪರ್ ತಂತ್ರಾಂಶದಲ್ಲಿ ಉಳಿಸಿಟ್ಟ ಹಳೆಯ ಪಾಸ್‌ವರ್ಡ್. ಅಪರಾಧಿ ಸಿಗುವವರೆಗೆ ಅನ್‌ಲಾಕ್ ಮಾಡುವುದನ್ನು ನಿಲ್ಲಿಸುವುದಾಗಲಿ, ತಪ್ಪು ಪ್ರಯತ್ನಗಳ ಮಿತಿಯನ್ನು ಶಾಶ್ವತವಾಗಿ ತೆಗೆಯುವುದಾಗಲಿ ಬೇಕಾಗಿಲ್ಲ. ಖಾತೆಯನ್ನು ತಾತ್ಕಾಲಿಕವಾಗಿ ಮಿತಿ ಹೆಚ್ಚಿರುವ ಪ್ರೊಫೈಲಿಗೆ ಹಾಕಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ತಂದರೆ ಸಾಕು.

19.12ರಿಂದ ‘ಪಾಸ್‌ವರ್ಡ್_ರೋಲ್‌ಓವರ್_ಟೈಮ್’ ಎಂಬ ಪ್ರೊಫೈಲ್ ಮಿತಿ ಸಿಗುತ್ತದೆ. ಅದನ್ನು ಇಟ್ಟರೆ ನಿಗದಿತ ಅವಧಿಯವರೆಗೆ ಹಳೆಯ ಮತ್ತು ಹೊಸ ಪಾಸ್‌ವರ್ಡುಗಳೆರಡೂ ನಡೆಯುತ್ತವೆ, ಸರ್ವರುಗಳನ್ನು ಒಂದೊಂದಾಗಿ ಬದಲಿಸಲು ಬಿಡುವು ಸಿಗುತ್ತದೆ. ಹಲವು ಸರ್ವರುಗಳು ಒಂದೇ ಖಾತೆ ಹಂಚಿಕೊಂಡಿರುವ ಕಡೆ ಇದನ್ನು ಬಳಸದಿರಲು ಕಾರಣವೇ ಇಲ್ಲ.

ಕಣ್ಣೆದುರಿಗಿರುವ ಟೇಬಲನ್ನು ಇಲ್ಲವೆನ್ನುವಾಗ

ಲಾಗಿನ್ ದಾಟಿದ ಮೇಲಿನ ದೋಷಗಳಲ್ಲಿ ಅತಿ ಹೆಚ್ಚು ಕಾಣುವುದು ಓಆರ್‌ಎ-00942. ಟೇಬಲ್ ಅಥವಾ ವ್ಯೂ ಇಲ್ಲ ಎಂದು ಅದು ಹೇಳುತ್ತದೆ, ಆದರೆ ಟೇಬಲ್ ಇದ್ದು ಅದರ ಮೇಲೆ ಯಾವ ಅನುಮತಿಯೂ ಇಲ್ಲದಿದ್ದಾಗಲೂ ಇದನ್ನೇ ಹೇಳುತ್ತದೆ. ಅನುಮತಿ ಇಲ್ಲದವರಿಗೆ ಟೇಬಲ್ ಇದೆಯೆಂಬ ಸುಳಿವೂ ಸಿಗಬಾರದು ಎಂಬುದು ಇದರ ಉದ್ದೇಶ. ಓಆರ್‌ಎ-01031 ಬಂದರೆ ಸ್ಥಿತಿ ಬೇರೆ. ಟೇಬಲಿನ ಮೇಲೆ ಸೆಲೆಕ್ಟ್ ಇದ್ದು ಇನ್ಸರ್ಟ್ ಇಲ್ಲದವರು ಸಾಲು ಸೇರಿಸಲು ಹೋದರೆ ಬರುವುದು ಇದು. ಹಾಗಾಗಿ ಮೊದಲನೆಯದು ಬಂದರೆ ಅನುಮತಿ ಪೂರ್ತಿ ಇಲ್ಲವೋ ಹೆಸರೇ ತಪ್ಪೋ ಎಂದೂ, ಎರಡನೆಯದು ಬಂದರೆ ಇರುವ ಅನುಮತಿಯಲ್ಲಿ ಯಾವುದು ಕಡಿಮೆ ಎಂದೂ ಹುಡುಕಬೇಕು.

ಉದಾಹರಣೆಗೆ ‘ದಾಸ್ತಾನು’ ಎಂಬ ಸ್ಕೀಮಾದಲ್ಲಿ ‘ವಸ್ತು’ ಎಂಬ ಟೇಬಲ್ ಇದೆ, ‘ಬಿಲ್ಲಿಂಗ್’ ಎಂಬುದು ನಮ್ಮ ಅಪ್ಲಿಕೇಶನ್ನಿನ ಪಾರ್ಸಿಂಗ್ ಸ್ಕೀಮಾ ಎಂದಿಟ್ಟುಕೊಳ್ಳೋಣ. ಡೆವಲಪರ್ ‘ಬಿಲ್ಲಿಂಗ್’ ಆಗಿಯೇ ಎಸ್‌ಕ್ಯೂಎಲ್ ಡೆವಲಪರಿನಲ್ಲಿ ಲಾಗಿನ್ ಆಗಿ ‘ದಾಸ್ತಾನು.ವಸ್ತು’ ಟೇಬಲಿನಿಂದ ಸಾಲುಗಳನ್ನು ತೆಗೆದಾಗ ಸರಿಯಾಗಿ ಬರುತ್ತವೆ. ಅದೇ ಕ್ವೆರಿಯನ್ನು ಪ್ಯಾಕೇಜಿನೊಳಗೆ ಬರೆದರೆ ಕಂಪೈಲ್ ಆಗುವುದಿಲ್ಲ, ಎಪೆಕ್ಸ್ ರಿಪೋರ್ಟಿನಲ್ಲಿ ಇಟ್ಟರೂ ಓಆರ್‌ಎ-00942. ಹೆಸರು ಸರಿಯಿದೆ, ಖಾತೆ ಅದೇ, ಕ್ವೆರಿ ಅದೇ. ಹೊಸಬರು ಇಲ್ಲಿ ಎಪೆಕ್ಸಿನಲ್ಲೇ ದೋಷವಿದೆ ಎಂದು ತೀರ್ಮಾನಿಸುವುದು ಸಹಜ.

ಕಾರಣ ರೋಲ್. ‘ವಸ್ತು’ ಟೇಬಲಿನ ಅನುಮತಿ ‘ಬಿಲ್ಲಿಂಗ್’ ಖಾತೆಗೆ ನೇರವಾಗಿ ಬಂದಿಲ್ಲ, ಯಾವುದೋ ರೋಲಿನ ಮೂಲಕ ಬಂದಿದೆ. ನೇರ ಸೆಷನ್ನಿನಲ್ಲಿ ರೋಲುಗಳು ಚಾಲೂ ಇರುತ್ತವೆ. ಆದರೆ ಮಾಲೀಕನ ಹಕ್ಕಿನಲ್ಲಿ ಓಡುವ ಸ್ಟೋರ್ಡ್ ಪ್ರೊಸೀಜರ್, ಫಂಕ್ಷನ್, ಪ್ಯಾಕೇಜ್ ಮತ್ತು ಟ್ರಿಗರ್‌ಗಳೊಳಗೆ ರೋಲುಗಳು ಲೆಕ್ಕಕ್ಕೆ ಬರುವುದಿಲ್ಲ. ವ್ಯೂ ಸೃಷ್ಟಿಸುವಾಗಲೂ ಅಷ್ಟೇ, ಎಪೆಕ್ಸ್ ಪುಟದ ಕ್ವೆರಿಗಳಿಗೂ ಅಷ್ಟೇ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ನಿಮಿಷ ಸಾಕು. ಅದೇ ನೇರ ಸೆಷನ್ನಿನಲ್ಲಿ ‘ಸೆಟ್ ರೋಲ್ ನನ್’ ಎಂಬ ಆದೇಶ ಕೊಟ್ಟು, ಮೊದಲಿನ ಕ್ವೆರಿಯನ್ನು ಮತ್ತೆ ಓಡಿಸಬೇಕು. ಈಗ ಅಲ್ಲಿಯೂ ಓಆರ್‌ಎ-00942 ಬಂದರೆ ರೋಗ ಗೊತ್ತಾಯಿತು: ‘ಗ್ರ್ಯಾಂಟ್ ಸೆಲೆಕ್ಟ್ ಆನ್ ದಾಸ್ತಾನು.ವಸ್ತು ಟು ಬಿಲ್ಲಿಂಗ್’ ಎಂದು ನೇರವಾಗಿ ಕೊಟ್ಟರೆ ಕೆಲಸ ಮುಗಿಯಿತು. ಅನುಮತಿ ಯಾವ ದಾರಿಯಿಂದ ಬಂದಿದೆ ಎಂದು ಬರಹದಲ್ಲಿ ಬೇಕಿದ್ದರೆ ‘ಡಿಬಿಎ_ಟ್ಯಾಬ್_ಪ್ರಿವ್ಸ್’ ವ್ಯೂನ ‘ಗ್ರ್ಯಾಂಟೀ’ ಕಾಲಮಿನಲ್ಲಿ ಖಾತೆಯ ಹೆಸರಿದೆಯೋ ರೋಲಿನ ಹೆಸರಿದೆಯೋ ನೋಡಬೇಕು. ರೋಲಿನೊಳಗೆ ರೋಲ್ ಇರಬಹುದಾದ್ದರಿಂದ ‘ಡಿಬಿಎ_ರೋಲ್_ಪ್ರಿವ್ಸ್’ ವ್ಯೂವನ್ನೂ ಒಂದೆರಡು ಹಂತ ಹಿಂಬಾಲಿಸಬೇಕಾದೀತು.

ಡಿಬಿಎ ರೋಲ್ ಕೊಟ್ಟರೂ ಪ್ಯಾಕೇಜ್ ಕಂಪೈಲ್ ಆಗುತ್ತಿಲ್ಲ ಎಂದು ಗೋಳಾಡುವವರ ಸಮಸ್ಯೆಯೂ ಇದೇ. ಡಿಬಿಎ ಸಹ ಒಂದು ರೋಲ್ ತಾನೇ.

‘ಆಲ್ಟರ್ ಸೆಷನ್ ಸೆಟ್ ಕರೆಂಟ್_ಸ್ಕೀಮಾ’ ಆದೇಶವನ್ನು ಅನುಮತಿಯ ಮದ್ದೆಂದು ಭಾವಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಅದು ಹೆಸರುಗಳನ್ನು ಯಾವ ಸ್ಕೀಮಾದಲ್ಲಿ ಹುಡುಕಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. ಹಕ್ಕುಗಳು ಲಾಗಿನ್ ಆದ ಖಾತೆಯವೇ ಆಗಿರುತ್ತವೆ.

ಸಿಸ್ ಮಾಲೀಕತ್ವದ ವಸ್ತುಗಳಲ್ಲಿ ಎರಡನ್ನು ಹೆಸರಿಸಬಹುದು. ‘ಡಿಬಿಎಂಎಸ್_ಲಾಕ್’ ಪ್ಯಾಕೇಜನ್ನು ಬಳಸುವ ಪ್ರೊಸೀಜರ್ ಪಿಎಲ್‌ಎಸ್-00201 ಎಂದು ಕಂಪೈಲ್ ಆಗಲು ನಿರಾಕರಿಸಿದರೆ, ಆ ಪ್ಯಾಕೇಜಿನ ಎಕ್ಸಿಕ್ಯೂಟ್ ಅನುಮತಿ ಎಲ್ಲರಿಗೂ ಇಲ್ಲ ಎಂಬುದೇ ಕಾರಣ, ಅದನ್ನು ಸ್ಕೀಮಾಗೆ ನೇರವಾಗಿ ಕೊಡಬೇಕು. ‘ವಿ$ಸೆಷನ್’ ವ್ಯೂನ ಅನುಮತಿ ಕೊಡಲು ಹೋದರೆ ಓಆರ್‌ಎ-02030 ಬರುತ್ತದೆ, ಏಕೆಂದರೆ ಆ ಹೆಸರು ಬರಿಯ ಸಿನಾನಿಮ್ (ಬದಲಿ ಹೆಸರು). ಗ್ರ್ಯಾಂಟನ್ನು ‘ವಿ_$ಸೆಷನ್’ ಎಂಬ ಮೂಲ ವ್ಯೂ ಮೇಲೆ ಕೊಡಬೇಕು.

ನಿನ್ನೆಯವರೆಗೆ ಇದ್ದ ಅನುಮತಿ ಇಂದು ಇಲ್ಲವಾದಾಗ

ಯಾರೂ ರಿವೋಕ್ ಮಾಡಿಲ್ಲ, ಆದರೂ ಅನುಮತಿ ಮಾಯವಾಗಿದೆ ಎಂದರೆ ಡಿಪ್ಲಾಯ್‌ಮೆಂಟ್ ಸ್ಕ್ರಿಪ್ಟಿನತ್ತ ನೋಡಬೇಕು. ಟೇಬಲನ್ನು ಡ್ರಾಪ್ ಮಾಡಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ, ಹಳೆಯ ಟೇಬಲಿನ ಮೇಲೆ ಕೊಟ್ಟಿದ್ದ ಗ್ರ್ಯಾಂಟುಗಳೆಲ್ಲ ಅದರ ಜೊತೆಗೇ ಹೋಗಿರುತ್ತವೆ. ವ್ಯೂ, ಪ್ಯಾಕೇಜುಗಳ ವಿಷಯದಲ್ಲಿ ‘ಕ್ರಿಯೇಟ್ ಆರ್ ರಿಪ್ಲೇಸ್’ ಬಳಸಿದರೆ ಗ್ರ್ಯಾಂಟುಗಳು ಉಳಿಯುತ್ತವೆ, ಆದರೆ ಕೆಲವರ ಸ್ಕ್ರಿಪ್ಟುಗಳಲ್ಲಿ ಅದಕ್ಕೂ ಮೊದಲು ಅನಗತ್ಯವಾಗಿ ಒಂದು ಡ್ರಾಪ್ ಇರುತ್ತದೆ. ಟೇಬಲಿನ ‘ಕ್ರಿಯೇಟೆಡ್’ ದಿನಾಂಕವನ್ನು ‘ಡಿಬಿಎ_ಆಬ್ಜೆಕ್ಟ್ಸ್’ ವ್ಯೂನಲ್ಲಿ ನೋಡಿದರೆ ಅನುಮಾನ ಬಗೆಹರಿಯುತ್ತದೆ: ವರ್ಷಗಳ ಹಿಂದಿನ ಟೇಬಲಿಗೆ ನಿನ್ನೆ ರಾತ್ರಿಯ ಜನ್ಮದಿನ ಇದ್ದರೆ ಬೇರೆ ಸಾಕ್ಷಿ ಬೇಡ. ಗ್ರ್ಯಾಂಟುಗಳನ್ನು ಟೇಬಲ್ ಸೃಷ್ಟಿಸುವ ಸ್ಕ್ರಿಪ್ಟಿನ ಪಕ್ಕದಲ್ಲೇ, ಅದೇ ವರ್ಶನ್ ಕಂಟ್ರೋಲಿನಲ್ಲಿ ಇಡದ ತಂಡಕ್ಕೆ ಈ ದೋಷ ಮತ್ತೆ ಬರುತ್ತದೆ.

ಒರಾಕಲ್‌ನ ಎಕ್ಸ್‌ಪೋರ್ಟ್-ಇಂಪೋರ್ಟ್ ಸಾಧನವಾದ ಡೇಟಾ ಪಂಪ್ ಮೂಲಕ ಸ್ಕೀಮಾವನ್ನು ಪರೀಕ್ಷಾ ಡೇಟಾಬೇಸಿಗೆ ತಂದ ನಂತರವೂ ಇಂಥದೇ ದೂರು ಬರುತ್ತದೆ. ಟೇಬಲಿನ ಮೇಲಿನ ಗ್ರ್ಯಾಂಟುಗಳು ಪ್ರಯಾಣ ಮಾಡುವುದು ಟೇಬಲಿನ ಮಾಲೀಕನ ಜೊತೆ. ‘ಬಿಲ್ಲಿಂಗ್’ ಸ್ಕೀಮಾವನ್ನು ಮಾತ್ರ ತಂದರೆ, ‘ದಾಸ್ತಾನು’ ಸ್ಕೀಮಾ ಅದಕ್ಕೆ ಕೊಟ್ಟಿದ್ದ ಅನುಮತಿಗಳು ಬರುವುದಿಲ್ಲ. ‘ದಾಸ್ತಾನು’ವನ್ನು ತರುವಾಗ ‘ಬಿಲ್ಲಿಂಗ್’ ಖಾತೆ ಅಲ್ಲಿ ಇನ್ನೂ ಸೃಷ್ಟಿಯಾಗಿರದಿದ್ದರೆ ಇಂಪೋರ್ಟ್ ಲಾಗಿನಲ್ಲಿ ಓಆರ್‌ಎ-01917 ಸಾಲುಗಳು ಬಿದ್ದಿರುತ್ತವೆ, ಆದರೆ ಡೇಟಾ ಬಂದಿದೆ ಎಂಬ ಸಮಾಧಾನದಲ್ಲಿ ಲಾಗ್ ಓದುವವರು ಕಡಿಮೆ.

ಮೂರು ಸ್ಕೀಮಾಗಳ ಸರಪಳಿಯಲ್ಲಿ ಇನ್ನೊಂದು ಗಂಟಿದೆ. ‘ಬಿಲ್ಲಿಂಗ್’ ಸ್ಕೀಮಾ ‘ದಾಸ್ತಾನು.ವಸ್ತು’ ಟೇಬಲಿನ ಮೇಲೆ ಒಂದು ವ್ಯೂ ಮಾಡಿ, ಅದನ್ನು ‘ವರದಿ’ ಎಂಬ ಮೂರನೆಯ ಸ್ಕೀಮಾಗೆ ಕೊಡಲು ಹೋದರೆ ಓಆರ್‌ಎ-01720 ಬರುತ್ತದೆ. ವ್ಯೂ ‘ಬಿಲ್ಲಿಂಗ್’ನದೇ ಆದರೂ ಅದರೊಳಗಿನ ಡೇಟಾ ಇನ್ನೊಬ್ಬರದು, ಇನ್ನೊಬ್ಬರ ಡೇಟಾವನ್ನು ಮೂರನೆಯವರಿಗೆ ದಾಟಿಸಲು ‘ವಿತ್ ಗ್ರ್ಯಾಂಟ್ ಆಪ್ಶನ್’ ಸಹಿತವಾದ ಅನುಮತಿ ಬೇಕು. ಅದನ್ನು ಕೊಡುವ ಮೊದಲು ಅದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಮುಂದೊಂದು ದಿನ ‘ಬಿಲ್ಲಿಂಗ್’ನಿಂದ ಆ ಅನುಮತಿಯನ್ನು ಹಿಂತೆಗೆದುಕೊಂಡರೆ, ಅದರ ಆಧಾರದ ಮೇಲೆ ಅದು ಮುಂದೆ ಕೊಟ್ಟಿದ್ದೆಲ್ಲವೂ ತಾನಾಗಿ ಹೋಗುತ್ತದೆ. ಸಿಸ್ಟಂ ಅನುಮತಿಗಳ ‘ವಿತ್ ಅಡ್ಮಿನ್ ಆಪ್ಶನ್’ ಹೀಗಲ್ಲ, ಕೊಟ್ಟವರಿಂದ ಕಿತ್ತುಕೊಂಡರೂ ಅವರು ಬೇರೆಯವರಿಗೆ ಕೊಟ್ಟದ್ದು ಹಾಗೆಯೇ ಉಳಿಯುತ್ತದೆ. ತಂಡ ಬಿಟ್ಟವರ ಹಕ್ಕುಗಳನ್ನು ತೆಗೆಯುವಾಗ ಈ ವ್ಯತ್ಯಾಸ ಎರಡೂ ಕಡೆಯಿಂದ ಕಾಡಬಹುದು.

ಎಪೆಕ್ಸ್ ಅಪ್‌ಗ್ರೇಡ್ ಆದ ನಂತರ ಮೇಲ್ ಹೋಗುತ್ತಿಲ್ಲ, ಹೊರಗಿನ ವೆಬ್ ಸರ್ವಿಸ್ ಸಿಗುತ್ತಿಲ್ಲ, ಓಆರ್‌ಎ-24247 ಬರುತ್ತಿದೆ ಎಂದರೆ ಕಾರಣ ನೆಟ್‌ವರ್ಕ್ ಎಸಿಎಲ್, ಎಂದರೆ ಯಾವ ಖಾತೆ ಹೊರಗಿನ ಯಾವ ವಿಳಾಸಕ್ಕೆ ಹೋಗಬಹುದೆಂಬ ಅನುಮತಿ ಪಟ್ಟಿ. ಪ್ರತಿ ಪ್ರಮುಖ ಆವೃತ್ತಿಗೂ ಎಪೆಕ್ಸ್ ತನ್ನದೇ ಹೊಸ ಸ್ಕೀಮಾ ಸೃಷ್ಟಿಸಿಕೊಳ್ಳುತ್ತದೆ, ಉದಾಹರಣೆಗೆ 23.2ಕ್ಕೆ ‘ಎಪೆಕ್ಸ್_230200’, ಹಳೆಯ ಹೆಸರಿಗೆ ಕೊಟ್ಟ ಎಸಿಎಲ್ ಹೊಸದಕ್ಕೂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ‘ಡಿಬಿಎಂಎಸ್_ನೆಟ್‌ವರ್ಕ್_ಎಸಿಎಲ್_ಅಡ್ಮಿನ್’ ಮೂಲಕ ಕೊಡಬೇಕು.

ಹೊಸ ಖಾತೆ ಸೃಷ್ಟಿಸುವಾಗಲೇ ಬರುವ ದೋಷಗಳು

ಓಆರ್‌ಎ-65096 ಬಂದರೆ ಆದೇಶ ಓಡಿಸಿದ್ದು ತಪ್ಪು ಜಾಗದಲ್ಲಿ. ಕಂಟೇನರ್ ಡೇಟಾಬೇಸಿನ ರೂಟಿನಲ್ಲಿ ನಿಂತು ಸಾಮಾನ್ಯ ಹೆಸರಿನ ಖಾತೆ ಸೃಷ್ಟಿಸಲಾಗದು, ಅಲ್ಲಿಯ ಹೆಸರುಗಳು ‘ಸಿ##’ ಎಂದು ಆರಂಭವಾಗಬೇಕು. ‘ಶೋ ಕಾನ್_ನೇಮ್’ ಎಂದು ಕೇಳಿ, ನಮ್ಮ ಪ್ಲಗೆಬಲ್ ಡೇಟಾಬೇಸಿಗೆ ಹೋಗಿ ಅದೇ ಆದೇಶ ಕೊಟ್ಟರೆ ಸಾಕು. ‘_ಒರಾಕಲ್_ಸ್ಕ್ರಿಪ್ಟ್’ ಎಂಬ ಗುಪ್ತ ಪ್ಯಾರಾಮೀಟರನ್ನು ಆನ್ ಮಾಡಿ ದಾಟುವ ಸಲಹೆ ಎಲ್ಲೆಡೆ ಹರಿದಾಡುತ್ತದೆ, ಅದನ್ನು ಪಾಲಿಸಬಾರದು. ಅದರಿಂದ ಹುಟ್ಟಿದ ಖಾತೆಯನ್ನು ಡೇಟಾಬೇಸ್ ತನ್ನ ಒಳಗಿನ ಖಾತೆಯೆಂದೇ ಪರಿಗಣಿಸುತ್ತದೆ, ಮುಂದೆ ಎಕ್ಸ್‌ಪೋರ್ಟ್ ಮಾಡುವಾಗ ಅದರ ಫಲ ಕಾಣುತ್ತದೆ.

ಖಾತೆ ಸೃಷ್ಟಿಯಾಗಿ ಟೇಬಲೂ ಸೃಷ್ಟಿಯಾಗಿ, ಮೊದಲ ಸಾಲು ಸೇರಿಸುವಾಗ ಓಆರ್‌ಎ-01950 ಬಂದರೆ ಟೇಬಲ್‌ಸ್ಪೇಸಿನಲ್ಲಿ ಕೋಟಾ ಇಲ್ಲ. ಹಿಂದೆ ರಿಸೋರ್ಸ್ ರೋಲ್ ಕೊಟ್ಟಾಗ ಜೊತೆಗೇ ಮಿತಿಯಿಲ್ಲದ ಜಾಗ ಸಿಗುತ್ತಿತ್ತು, 12ಸಿಯಿಂದ ಅದು ನಿಂತಿದೆ. ಹಳೆಯ ಸ್ಕ್ರಿಪ್ಟುಗಳು ಇದನ್ನು ಅರಿಯವು. ಕನೆಕ್ಟ್ ರೋಲೂ ಅದೇ ರೀತಿ ಸಣ್ಣದಾಗಿದೆ, 10ಜಿ ರಿಲೀಸ್ 2ರಿಂದ ಅದರಲ್ಲಿ ಟೇಬಲ್ ಸೃಷ್ಟಿಸುವ ಹಕ್ಕಿಲ್ಲ.

ಅಪ್ಲಿಕೇಶನ್ನಿನ ಒಳಗಿನ ಅನುಮತಿಗಳು

ಎಪೆಕ್ಸ್ 18.1ರಿಂದ ಅಪ್ಲಿಕೇಶನ್ ಆ್ಯಕ್ಸೆಸ್ ಕಂಟ್ರೋಲ್ ಸಿಗುತ್ತದೆ; ವಿಜರ್ಡ್ ಮೂಲಕ ಸೇರಿಸಿದರೆ ಅಡ್ಮಿನಿಸ್ಟ್ರೇಟರ್, ಕಾಂಟ್ರಿಬ್ಯೂಟರ್, ರೀಡರ್ ಎಂಬ ರೋಲುಗಳು ಬರುತ್ತವೆ. ಇವಕ್ಕೂ ಡೇಟಾಬೇಸ್ ರೋಲುಗಳಿಗೂ ಸಂಬಂಧವಿಲ್ಲ. ಇಲ್ಲಿ ಬರುವ ಮುಖ್ಯ ದೂರು, ರೋಲ್ ಕೊಟ್ಟರೂ ಮೆನು ಕಾಣುತ್ತಿಲ್ಲ ಎಂಬುದು. ಆಥರೈಸೇಶನ್ ಸ್ಕೀಮಿನ ಫಲಿತಾಂಶವನ್ನು ‘ಸೆಷನ್ನಿಗೆ ಒಮ್ಮೆ’ ಲೆಕ್ಕಹಾಕುವಂತೆ ಇಟ್ಟಿದ್ದರೆ, ಆ ವ್ಯಕ್ತಿ ಲಾಗ್‌ಔಟ್ ಆಗಿ ಬರುವವರೆಗೆ ಹಳೆಯ ಉತ್ತರವೇ ನಡೆಯುತ್ತದೆ. ರೋಲ್ ತೆಗೆದಾಗಲೂ ಹೀಗೆಯೇ, ಅದು ಹೆಚ್ಚು ಅಪಾಯಕಾರಿ. ಸೆಷನ್ ನಡುವೆಯೇ ರೋಲ್ ಬದಲಾಗುವ ಅಪ್ಲಿಕೇಶನ್ನಿನಲ್ಲಿ ‘ಎಪೆಕ್ಸ್_ಆಥರೈಸೇಶನ್.ರೀಸೆಟ್_ಕ್ಯಾಶ್’ ಕರೆಯಬೇಕು, ಇಲ್ಲವೇ ಲೆಕ್ಕಹಾಕುವ ಸಮಯವನ್ನು ಪುಟಕ್ಕೊಮ್ಮೆ ಎಂದು ಬದಲಿಸಬೇಕು.

ತಂಡದ ಸ್ವಂತ ಟೇಬಲಿನಲ್ಲಿ ಬಳಕೆದಾರರ ಹೆಸರುಗಳಿದ್ದು, ಒಬ್ಬರಿಗೂ ಹಕ್ಕು ಸಿಗುತ್ತಿಲ್ಲವಾದರೆ ಅಕ್ಷರಗಳ ದೊಡ್ಡ-ಸಣ್ಣ ರೂಪ ನೋಡಬೇಕು. ಲಾಗಿನ್ ಆದ ಹೆಸರನ್ನು ಎಪೆಕ್ಸ್ ಡೀಫಾಲ್ಟಾಗಿ ದೊಡ್ಡಕ್ಷರಕ್ಕೆ ತಿರುಗಿಸಿ ‘ಆ್ಯಪ್_ಯೂಸರ್’ನಲ್ಲಿ ಇಡುತ್ತದೆ, ಟೇಬಲಿನಲ್ಲಿ ಸಣ್ಣಕ್ಷರವಿದ್ದರೆ ಹೋಲಿಕೆ ಎಂದೂ ಕೂಡುವುದಿಲ್ಲ. ಹೋಲಿಸುವಾಗ ಎರಡೂ ಕಡೆ ‘ಅಪ್ಪರ್’ ಹಾಕಬೇಕು. ಇನ್ನು, ಗುಂಡಿಗೆ ಆಥರೈಸೇಶನ್ ಹಾಕಿ ಅದನ್ನು ಒತ್ತಿದಾಗ ಓಡುವ ಪ್ರೊಸೆಸ್ಸಿಗೆ ಹಾಕದಿದ್ದರೆ ಗುಂಡಿ ಕಾಣದು, ಕೆಲಸ ಮಾತ್ರ ತೆರೆದೇ ಇರುತ್ತದೆ. ದೂರು ಬರದ ದೋಷವಾದ್ದರಿಂದ ಇದನ್ನು ನಾವಾಗಿಯೇ ಹುಡುಕಬೇಕು.

ಡೆವಲಪರ್ ಆ್ಯಪ್ ಬಿಲ್ಡರನ್ನೇ ತೆರೆಯಲಾಗುತ್ತಿಲ್ಲ ಎಂದರೆ, ಅವರ ಖಾತೆ ಎಂಡ್ ಯೂಸರ್ ಬಗೆಯದ್ದೇ, ಖಾತೆಯ ಸೆಟ್ಟಿಂಗಿನಲ್ಲಿ ಆ್ಯಪ್ ಬಿಲ್ಡರ್ ಮತ್ತು ಎಸ್‌ಕ್ಯೂಎಲ್ ವರ್ಕ್‌ಶಾಪ್ ಪ್ರವೇಶ ಆಫ್ ಆಗಿದೆಯೇ ಎಂದು ನೋಡಬೇಕು. ಬೇಕಾದ ಸ್ಕೀಮಾ ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ವರ್ಕ್‌ಸ್ಪೇಸಿಗೆ ಜೋಡಣೆಯಾಗಿಲ್ಲ. ಜೋಡಿಸುವುದು ಇನ್‌ಸ್ಟನ್ಸ್ ಅಡ್ಮಿನಿಸ್ಟ್ರೇಟರಿನ ಕೆಲಸ.

ತಂಡ ಬಿಟ್ಟವರ ಖಾತೆ ಮತ್ತು ಹಂಚಿಕೊಂಡ ಪಾಸ್‌ವರ್ಡ್

ತಂಡ ಬಿಟ್ಟವರ ಡೇಟಾಬೇಸ್ ಖಾತೆಯನ್ನು ಕೂಡಲೇ ಡ್ರಾಪ್ ಮಾಡಲು ಹೋಗುವುದು ಬೇಡ. ಸ್ಕೀಮಾದಲ್ಲಿ ವಸ್ತುಗಳಿದ್ದರೆ ಓಆರ್‌ಎ-01922, ಸೆಷನ್ ತೆರೆದಿದ್ದರೆ ಓಆರ್‌ಎ-01940 ಬರುತ್ತದೆ. ‘ಕ್ಯಾಸ್ಕೇಡ್’ ಸೇರಿಸಿ ಬಲವಂತ ಮಾಡಿದರೆ ಆ ಸ್ಕೀಮಾದ ಮೇಲೆ ಯಾರ ಕೆಲಸ ನಿಂತಿತ್ತು ಎಂಬುದು ಆಮೇಲೆ ತಿಳಿಯುತ್ತದೆ. ಮೊದಲು ಲಾಕ್ ಮಾಡಬೇಕು, ‘ಡಿಬಿಎ_ಡಿಪೆಂಡೆನ್ಸೀಸ್’ ವ್ಯೂನಲ್ಲಿ ಬೇರೆ ಸ್ಕೀಮಾಗಳ ಅವಲಂಬನೆ ನೋಡಬೇಕು. ಲಾಕ್ ಮಾಡಿದರೆ ಹೊಸ ಲಾಗಿನ್ ಮಾತ್ರ ನಿಲ್ಲುತ್ತದೆ, ಈಗಾಗಲೇ ತೆರೆದಿರುವ ಸೆಷನ್‌ಗಳು ಮುಂದುವರಿಯುತ್ತವೆ. ಅವನ್ನು ‘ವಿ$ಸೆಷನ್’ನಲ್ಲಿ ಹುಡುಕಿ ಬೇರೆಯಾಗಿಯೇ ಕೊನೆಗೊಳಿಸಬೇಕು.

ಇಡೀ ತಂಡ ‘ಬಿಲ್ಲಿಂಗ್’ ಸ್ಕೀಮಾದ ಒಂದೇ ಪಾಸ್‌ವರ್ಡನ್ನು ಹಂಚಿಕೊಂಡಿರುವ ಕಡೆ, ಯಾರು ಏನು ಬದಲಿಸಿದರು ಎಂಬುದಕ್ಕೆ ಆಡಿಟ್ ಉತ್ತರಿಸಲಾರದು, ಒಬ್ಬರು ಹೋದಾಗ ಎಲ್ಲರ ಪಾಸ್‌ವರ್ಡನ್ನೂ ಬದಲಿಸಬೇಕಾಗುತ್ತದೆ. ಇದಕ್ಕೆ ಪ್ರಾಕ್ಸಿ ಲಾಗಿನ್ ಇದೆ. ‘ಆಲ್ಟರ್ ಯೂಸರ್ ಬಿಲ್ಲಿಂಗ್ ಗ್ರ್ಯಾಂಟ್ ಕನೆಕ್ಟ್ ಥ್ರೂ’ ಎಂದು ಬರೆದು ಮುಂದೆ ಡೆವಲಪರಿನ ಸ್ವಂತ ಖಾತೆಯ ಹೆಸರು ಕೊಟ್ಟರೆ, ಅವರು ತಮ್ಮ ಹೆಸರಿನ ನಂತರ ಚೌಕ ಆವರಣದಲ್ಲಿ ‘ಬಿಲ್ಲಿಂಗ್’ ಎಂದು ಸೇರಿಸಿ, ತಮ್ಮದೇ ಪಾಸ್‌ವರ್ಡ್ ಹಾಕಿ ಆ ಸ್ಕೀಮಾಗೆ ಹೋಗಬಹುದು. ಸ್ಕೀಮಾ ಖಾತೆಯನ್ನು ‘ನೋ ಆಥೆಂಟಿಕೇಶನ್’ ಎಂದು, 18ಸಿಯಿಂದ ಸಿಗುವ ಪಾಸ್‌ವರ್ಡೇ ಇಲ್ಲದ ರೂಪಕ್ಕೆ ತಂದರೆ ಹಂಚಿಕೊಳ್ಳಲು ಪಾಸ್‌ವರ್ಡೇ ಉಳಿಯುವುದಿಲ್ಲ, ಎಪೆಕ್ಸ್ ಅಪ್ಲಿಕೇಶನ್ ಎಂದಿನಂತೆ ಓಡುತ್ತದೆ. ಒಬ್ಬರು ತಂಡ ಬಿಟ್ಟ ದಿನ ‘ರಿವೋಕ್ ಕನೆಕ್ಟ್ ಥ್ರೂ’ ಎಂಬ ಒಂದು ಸಾಲು ಕೊಟ್ಟು, ಅವರ ಸ್ವಂತ ಖಾತೆಯನ್ನು ಲಾಕ್ ಮಾಡಿದರೆ ಸಾಕು. ಉಳಿದವರ ಕನೆಕ್ಷನ್ನಿನಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ.